ಸಿ.ಟಿ. ಸ್ಕ್ಯಾನ್: ದೇಹದ ಒಳಗನ್ನು ಲೆಕ್ಕ ಹಾಕಿ ಕಾಣುವ ಬಗೆ

ಮುಂಬಯಿ ಮಹಾನಗರದ ಪರೇಲ್ ಭಾಗದಲ್ಲಿ 1926ರಲ್ಲಿ ಆರಂಭವಾದ ಕೆ.ಇ.ಎಂ. ಆಸ್ಪತ್ರೆಯೂ 1941ರ ಫೆಬ್ರವರಿಯಲ್ಲಿ ಬಾಗಿಲು ತೆರೆದ ಟಾಟಾ ಸ್ಮಾರಕ ಆಸ್ಪತ್ರೆಯೂ ಪರಸ್ಪರ ಕೂಗಳತೆಯಲ್ಲಿವೆ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ರಾತ್ರಿಯ ರೈಲು ಹಿಡಿದು ಬರುವ ಅನೇಕ ರೋಗಿಗಳ ಕೈಯಲ್ಲಿ ಉದ್ದನೆಯ ಪ್ಲಾಸ್ಟಿಕ್ ಚೀಲವೊಂದು ಇರುತ್ತದೆ. ಅದರೊಳಗಿನ ಕಪ್ಪು ಹಾಳೆಗಳಲ್ಲಿ ದೇಹದ ಅಡ್ಡ ಹೋಳುಗಳು ಸಾಲುಸಾಲಾಗಿ ಅಚ್ಚಾಗಿರುತ್ತವೆ. ಊರಿನ ವೈದ್ಯರು ಬರೆದುಕೊಟ್ಟ ಚೀಟಿಯಷ್ಟೇ ಜೋಪಾನವಾಗಿ ಅದನ್ನು ಕಾಯ್ದುಕೊಂಡು ಬಂದಿರುತ್ತಾರೆ. ಈ ಹಾಳೆಗಳನ್ನು ಜನರು ‘ಫೋಟೋ’ ಎಂದು ಕರೆಯುವುದುಂಟು. ವಾಸ್ತವವಾಗಿ ಅವುಗಳಲ್ಲಿರುವ ಒಂದೊಂದು ಚುಕ್ಕೆಯೂ ಗಣಕಯಂತ್ರವು ಲೆಕ್ಕ ಮಾಡಿ ಕಂಡುಕೊಂಡ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಪಡೆಯಲು ರೋಗಿಯ ದೇಹದ ಮೂಲಕ ಇಂತಿಷ್ಟು ವಿಕಿರಣವನ್ನು ಹಾಯಿಸಲಾಗಿರುತ್ತದೆ. ಸಂಖ್ಯೆ ಎಷ್ಟು ನಿಖರವಾಗಿರಬೇಕು, ಅದಕ್ಕಾಗಿ ಎಷ್ಟು ವಿಕಿರಣವನ್ನು ವ್ಯಯಿಸಬೇಕು ಎಂಬ ನಿರ್ಧಾರದಲ್ಲಿ ಯಂತ್ರದ ಮುಂದೆ ಕುಳಿತ ತಂತ್ರಜ್ಞರ ಪಾಲು ಸಣ್ಣದಲ್ಲ.

ಮುಂಬಯಿಯ ಕನ್ನಡ ಮನೆಗಳಿಂದಲೂ ಕರ್ನಾಟಕದ ಊರುಗಳಿಂದಲೂ ರೇಡಿಯೋಗ್ರಫಿ ಶಿಕ್ಷಣಕ್ಕೆ ಸೇರುವ ವಿದ್ಯಾರ್ಥಿಗಳು ಈ ವಿಷಯವನ್ನು ಇಂಗ್ಲಿಷ್ ಪಠ್ಯದಲ್ಲಿಯೇ ಓದುತ್ತಾರೆ. ಸೂತ್ರಗಳು ಬಾಯಿಪಾಠವಾಗುತ್ತವೆ, ಅವುಗಳ ಹಿಂದಿನ ತರ್ಕ ಮಾತ್ರ ಎಷ್ಟೋ ಸಲ ಕೈಗೆ ಸಿಗುವುದಿಲ್ಲ. ಆ ತರ್ಕವನ್ನು ವಿದ್ಯಾರ್ಥಿಗಳಿಗೂ ಆಸಕ್ತ ಸಾರ್ವಜನಿಕರಿಗೂ ತಿಳಿಯುವಂತೆ ಇಲ್ಲಿ ವಿವರಿಸಲಾಗಿದೆ.

ನೆರಳಿನ ಮಿತಿ

1895ರ ನವೆಂಬರ್ 8ರಂದು ಜರ್ಮನಿಯ ವಿಜ್ಞಾನಿ ವಿಲ್ಹೆಲ್ಮ್ ರಾಂಟ್ಜೆನ್ ಅವರು ಕ್ಷ-ಕಿರಣಗಳನ್ನು ಕಂಡುಹಿಡಿದರು. ಸಾಮಾನ್ಯ ಎಕ್ಸ್-ರೇ ಚಿತ್ರವು ಈ ಕಿರಣಗಳ ನೆರಳು. ಎದೆಯ ಎಕ್ಸ್-ರೇ ತೆಗೆದಾಗ ಮುಂದಿನ ಪಕ್ಕೆಲುಬು, ಶ್ವಾಸಕೋಶ, ಹೃದಯ, ಬೆನ್ನೆಲುಬು ಎಲ್ಲವೂ ಒಂದೇ ಹಾಳೆಯ ಮೇಲೆ ಒಂದರ ಮೇಲೊಂದು ಬೀಳುತ್ತವೆ. ಹೃದಯದ ಹಿಂದೆ ಅಡಗಿರುವ ಸಣ್ಣ ಗಂಟು ಅಲ್ಲಿ ಕಾಣದೆ ಹೋಗಬಹುದು. ತಲೆಯ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ತಲೆಬುರುಡೆಯ ಗಟ್ಟಿ ನೆರಳಿನ ಎದುರು ಮಿದುಳಿನ ಭಾಗಗಳ ನಡುವಿನ ವ್ಯತ್ಯಾಸವು ಏನೂ ಅಲ್ಲವೆನ್ನುವಷ್ಟು ಸಣ್ಣದು. ಆದ್ದರಿಂದ 1970ರ ದಶಕದವರೆಗೆ ತಲೆಗೆ ಪೆಟ್ಟು ಬಿದ್ದವರ ಮಿದುಳಿನೊಳಗೆ ರಕ್ತ ಸೋರಿದೆಯೇ ಎಂಬುದನ್ನು ಸಾಮಾನ್ಯ ಎಕ್ಸ್-ರೇ ಚಿತ್ರದಿಂದ ನೇರವಾಗಿ ತಿಳಿಯುವ ಮಾರ್ಗವೇ ಇರಲಿಲ್ಲ.

ಕಿರಣವು ಕ್ಷೀಣಿಸುವ ರೀತಿ

ಕ್ಷ-ಕಿರಣವು ವಸ್ತುವಿನ ಮೂಲಕ ಹಾದುಹೋಗುವಾಗ ಅದರ ಕಣಗಳಲ್ಲಿ ಕೆಲವು ಹೀರಲ್ಪಡುತ್ತವೆ, ಕೆಲವು ದಿಕ್ಕುತಪ್ಪಿ ಚದುರುತ್ತವೆ, ಉಳಿದವು ಹೊರಬರುತ್ತವೆ. ಇದನ್ನು ಕ್ಷೀಣನ ಎನ್ನುತ್ತಾರೆ. ಚರ್ಚ್‌ಗೇಟ್‌ನಿಂದ ವಿರಾರ್‌ಗೆ ಹೊರಟ ಲೋಕಲ್ ರೈಲನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ರೈಲಿನಲ್ಲಿ 1,600 ಮಂದಿ ಇದ್ದಾರೆ, ನಡುವೆ ಯಾರೂ ಹತ್ತುವುದಿಲ್ಲ ಎಂದು ಭಾವಿಸೋಣ. (ಮುಂಬಯಿಯಲ್ಲಿ ಓಡಾಡಿದವರಿಗೆ ಇದು ನಂಬಲಾಗದ ಊಹೆಯೇ ಸರಿ.) ದಾದರಿನಲ್ಲಿ ಅರ್ಧ ಜನ ಇಳಿದರೆ 800, ಅಂಧೇರಿಯಲ್ಲಿ ಉಳಿದವರಲ್ಲಿ ಅರ್ಧ ಇಳಿದರೆ 400, ಬೋರಿವಲಿಯಲ್ಲಿ ಮತ್ತೆ ಅರ್ಧ ಇಳಿದರೆ 200. ಪ್ರತಿ ಹಂತದಲ್ಲಿಯೂ ಕಡಿಮೆಯಾಗುವುದು ಉಳಿದವರ ಒಂದು ಪಾಲು. ಕ್ಷ-ಕಿರಣದ ನಡವಳಿಕೆಯೂ ಹೀಗೆಯೇ. ಸಿ.ಟಿ. ಯಂತ್ರದ ಕಿರಣಗಳ ಸರಾಸರಿ ಶಕ್ತಿಗೆ ಸುಮಾರು 3.6 ಸೆಂಟಿಮೀಟರ್ ನೀರು ಸಾಕು, ಕಿರಣದ ತೀವ್ರತೆ ಅರ್ಧಕ್ಕೆ ಇಳಿಯುತ್ತದೆ. ದೇಹದ ಮೃದು ಅಂಗಾಂಶವು ಬಹುಮಟ್ಟಿಗೆ ನೀರಿನಂತೆಯೇ ವರ್ತಿಸುವುದರಿಂದ, 22 ಸೆಂಟಿಮೀಟರ್ ದಪ್ಪದ ಹೊಟ್ಟೆಯನ್ನು ದಾಟುವ ಹೊತ್ತಿಗೆ ಕಿರಣವು ಆರು ಬಾರಿ ಅರ್ಧವಾಗಿ ಸುಮಾರು ಅರವತ್ತನಾಲ್ಕನೆಯ ಒಂದು ಭಾಗ ಮಾತ್ರ ಆಚೆ ಬದಿಗೆ ತಲುಪುತ್ತದೆ.

ಈಗ ವಿರಾರ್ ನಿಲ್ದಾಣದಲ್ಲಿ ನಿಂತು ಎಣಿಸುವವನ ಸ್ಥಿತಿಯನ್ನು ಯೋಚಿಸಬೇಕು. ಹೊರಟವರು 1,600, ಬಂದವರು 200 ಎಂಬುದು ಅವನಿಗೆ ಗೊತ್ತು. ದಾರಿಯಲ್ಲಿ ಒಟ್ಟು 1,400 ಮಂದಿ ಇಳಿದರೆಂದು ಹೇಳಬಲ್ಲ. ಯಾವ ನಿಲ್ದಾಣದಲ್ಲಿ ಎಷ್ಟು ಮಂದಿ ಎಂದು ಹೇಳಲಾರ. ಸಾಮಾನ್ಯ ಎಕ್ಸ್-ರೇಯ ಮಿತಿ ಇದೇ: ಒಂದು ಗೆರೆಯುದ್ದಕ್ಕೂ ಆದ ಒಟ್ಟು ನಷ್ಟವನ್ನು ಅದು ಹೇಳುತ್ತದೆ, ಗೆರೆಯ ಮೇಲಿನ ಒಂದೊಂದು ಬಿಂದುವಿನ ಪಾಲನ್ನು ಹೇಳುವುದಿಲ್ಲ. ಆ ಬಿಂದುಗಳ ಪಾಲನ್ನು ಬೇರ್ಪಡಿಸಲು ಒಂದೇ ಉಪಾಯ. ಅದೇ ಬಿಂದುಗಳನ್ನು ಬೇರೆ ಬೇರೆ ದಿಕ್ಕಿನ ಗೆರೆಗಳು ಹಾದುಹೋಗುವಂತೆ ಮಾಡಿ, ಎಲ್ಲ ಗೆರೆಗಳ ಮೊತ್ತವನ್ನು ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಾಲ್ಕು ಮನೆಗಳ ಲೆಕ್ಕ

ಕಾಗದದ ಮೇಲೆ ಎರಡು ಸಾಲು, ಎರಡು ಕಂಬಗಳ ನಾಲ್ಕು ಮನೆಗಳನ್ನು ಬರೆದುಕೊಳ್ಳಬೇಕು. ಮೇಲಿನ ಸಾಲಿನಲ್ಲಿ 5 ಮತ್ತು 1, ಕೆಳಗಿನ ಸಾಲಿನಲ್ಲಿ 2 ಮತ್ತು 4. ಇವು ದೇಹದ ನಾಲ್ಕು ತುಣುಕುಗಳ ಕ್ಷೀಣನ ಎಂದು ಇಟ್ಟುಕೊಳ್ಳೋಣ. ಹೊರಗಿನವರಿಗೆ ಈ ಅಂಕಗಳು ಕಾಣವು. ಮೊತ್ತಗಳು ಮಾತ್ರ ತಿಳಿದಿವೆ. ಅಡ್ಡ ಸಾಲುಗಳ ಮೊತ್ತ 6 ಮತ್ತು 6. ಕಂಬಸಾಲುಗಳ ಮೊತ್ತ 7 ಮತ್ತು 5. ಇಷ್ಟರಿಂದ ಉತ್ತರ ದೊರೆಯುವುದೇ? ದೊರೆಯುವುದಿಲ್ಲ. ಮೇಲೆ 4 ಮತ್ತು 2, ಕೆಳಗೆ 3 ಮತ್ತು 3 ಎಂದು ಬರೆದರೂ ಅವೇ ಮೊತ್ತಗಳು ಬರುತ್ತವೆ. ಎರಡು ದಿಕ್ಕಿನಿಂದ ನೋಡಿದರೂ ಬೇರೆ ಬೇರೆ ದೇಹಗಳು ಒಂದೇ ಆಗಿ ಕಂಡಂತಾಯಿತು.

ಮೂರನೆಯ ದಿಕ್ಕು, ಅಂದರೆ ಕರ್ಣದ ಮೊತ್ತವನ್ನು ಸೇರಿಸಿದೊಡನೆ ಸಂದೇಹ ಪರಿಹಾರವಾಗುತ್ತದೆ. ಎಡಮೇಲಿನಿಂದ ಬಲಕೆಳಕ್ಕೆ ಹೋಗುವ ಕರ್ಣದ ಮೊತ್ತ 9, ಇನ್ನೊಂದು ಕರ್ಣದ ಮೊತ್ತ 3. ಮೇಲಿನ ಸಾಲಿನ 6 ಹಾಗೂ ಎಡಕಂಬದ 7 ಕೂಡಿದರೆ 13. ಇದರಲ್ಲಿ ಎಡಮೇಲಿನ ಮನೆ ಎರಡು ಬಾರಿ ಬಂದಿದೆ, ಎರಡನೆಯ ಕರ್ಣದ ಎರಡು ಮನೆಗಳು ಒಂದೊಂದು ಬಾರಿ ಬಂದಿವೆ. 13ರಿಂದ 3ನ್ನು ಕಳೆದು ಅರ್ಧ ಮಾಡಿದರೆ 5. ಉಳಿದ ಮೂರು ಮನೆಗಳು ತಾವಾಗಿ ತುಂಬಿಕೊಳ್ಳುತ್ತವೆ. ವಿದ್ಯಾರ್ಥಿಗಳು ಇದನ್ನು ಕೈಯಾರೆ ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಇಂದಿನ ಯಂತ್ರದಲ್ಲಿ ಮನೆಗಳು ನಾಲ್ಕಲ್ಲ, ಸಾಮಾನ್ಯವಾಗಿ ಅಡ್ಡಕ್ಕೆ 512, ಉದ್ದಕ್ಕೆ 512, ಒಟ್ಟು 2,62,144. ಚಿತ್ರದ ಒಂದೊಂದು ಮನೆಯನ್ನು ಪಿಕ್ಸೆಲ್ ಎಂದೂ, ಹೋಳಿನ ದಪ್ಪವನ್ನೂ ಸೇರಿಸಿ ದೇಹದಲ್ಲಿ ಅದು ಪ್ರತಿನಿಧಿಸುವ ಪುಟ್ಟ ಇಟ್ಟಿಗೆಯನ್ನು ವಾಕ್ಸೆಲ್ ಎಂದೂ ಕರೆಯಲಾಗುತ್ತದೆ.

ಈ ಬಗೆಯ ಲೆಕ್ಕವನ್ನು ಸಾಧ್ಯವಾಗಿಸುವ ಗಣಿತವನ್ನು ಆಸ್ಟ್ರಿಯಾದ ಯೋಹಾನ್ ರಾಡಾನ್ 1917ರಲ್ಲಿಯೇ ಪ್ರಕಟಿಸಿದ್ದರು. ಆದರೆ ವೈದ್ಯಕೀಯದವರಿಗೆ ಅದರ ಸುಳಿವು ಇರಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಭೌತವಿಜ್ಞಾನಿ ಅಲನ್ ಕಾರ್ಮಾಕ್ ಸ್ವತಂತ್ರವಾಗಿ ಇದೇ ಸಮಸ್ಯೆಯನ್ನು ಬಿಡಿಸಿ 1963 ಮತ್ತು 1964ರಲ್ಲಿ ಲೇಖನಗಳನ್ನು ಬರೆದರು. ಆಗ ಅವುಗಳನ್ನು ಗಮನಿಸಿದವರು ಬಹಳ ಕಡಿಮೆ. ಇಂಗ್ಲೆಂಡಿನ ಇ.ಎಂ.ಐ. ಸಂಸ್ಥೆಯ ಇಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ತಮ್ಮದೇ ದಾರಿಯಲ್ಲಿ ಯಂತ್ರವನ್ನು ಕಟ್ಟಿದರು. ಅವರ ಪ್ರಯೋಗಶಾಲೆಯ ಮೊದಲ ಉಪಕರಣವು ಒಂದು ವಸ್ತುವನ್ನು ಅಳೆಯಲು ಒಂಬತ್ತು ದಿನ ತೆಗೆದುಕೊಂಡಿತು; ದೊರೆತ 28,000 ಅಳತೆಗಳನ್ನು ಚಿತ್ರವಾಗಿಸಲು ಗಣಕಯಂತ್ರಕ್ಕೆ ಎರಡೂವರೆ ಗಂಟೆ ಬೇಕಾಯಿತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮಿದುಳಿನ ಗಡ್ಡೆಯ ಶಂಕೆಯಿದ್ದ ಮಹಿಳೆಯೊಬ್ಬರ ತಲೆಯನ್ನು ಮೊದಲ ಬಾರಿಗೆ ಸ್ಕ್ಯಾನ್ ಮಾಡಲಾಯಿತು. ಚಿತ್ರವು ಉದ್ದಕ್ಕೆ 80, ಅಡ್ಡಕ್ಕೆ 80 ಮನೆಗಳದ್ದು. ಆದರೂ ಗಡ್ಡೆ ಕಂಡಿತು. ಕಾರ್ಮಾಕ್ ಮತ್ತು ಹೌನ್ಸ್‌ಫೀಲ್ಡ್ ಇಬ್ಬರಿಗೂ 1979ರ ವೈದ್ಯಕೀಯ ನೊಬೆಲ್ ಪಾರಿತೋಷಕ ಸಂದಿತು.

ರಾಮ್-ಲಾಕ್ ಫಿಲ್ಟರ್

ಇದೇ 1971ರಲ್ಲಿ ಭಾರತೀಯರಿಬ್ಬರ ಹೆಸರು ಈ ಶಾಸ್ತ್ರದಲ್ಲಿ ಶಾಶ್ವತವಾಗಿ ಸೇರಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೈವಿಕ ಭೌತವಿಜ್ಞಾನ ವಿಭಾಗವನ್ನು ಸ್ಥಾಪಿಸಿದ ಪ್ರೊ. ಜಿ.ಎನ್. ರಾಮಚಂದ್ರನ್ ಅವರು ಎ.ವಿ. ಲಕ್ಷ್ಮೀನಾರಾಯಣನ್ ಅವರೊಂದಿಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಕ್ಷ-ಕಿರಣ ಚಿತ್ರಗಳಿಂದ ಮೂಲ ವಸ್ತುವನ್ನು ಮರುನಿರ್ಮಿಸುವ ಸುಲಭ ಗಣನೆಯ ವಿಧಾನ ಅದರ ವಿಷಯ.

ಆ ವಿಧಾನದ ಅಗತ್ಯವೇನೆಂಬುದನ್ನು ಹೀಗೆ ತಿಳಿಯಬಹುದು. ಪ್ರತಿ ಗೆರೆಯ ಮೊತ್ತವನ್ನು ಅದೇ ಗೆರೆಯ ಎಲ್ಲ ಮನೆಗಳಿಗೂ ಸಮನಾಗಿ ಹಂಚಿಬಿಡುವುದು ಅತ್ಯಂತ ಸರಳ ಮಾರ್ಗ. ಇದಕ್ಕೆ ಹಿಂಪ್ರಕ್ಷೇಪ ಎಂದು ಹೆಸರು. ಎಲ್ಲ ದಿಕ್ಕುಗಳಿಂದಲೂ ಹೀಗೆ ಹಂಚಿದಾಗ ಗಡ್ಡೆಯಿದ್ದ ಜಾಗದಲ್ಲಿ ಗೆರೆಗಳು ಒಂದನ್ನೊಂದು ಕೂಡಿ ಚುಕ್ಕೆ ಏಳುತ್ತದೆ. ಆದರೆ ಗೆರೆಗಳ ಬಾಲಗಳು ಸುತ್ತಲೂ ಉಳಿದುಹೋಗಿ, ಒದ್ದೆ ಕಾಗದದ ಮೇಲೆ ಶಾಯಿ ಹರಡಿದಂತೆ ಚಿತ್ರವೆಲ್ಲ ಮಸಕಾಗುತ್ತದೆ. ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ ಅವರ ವಿಧಾನದಲ್ಲಿ, ಹಂಚುವ ಮೊದಲೇ ಪ್ರತಿಯೊಂದು ಅಳತೆಸಾಲನ್ನು ಒಂದು ಗಣಿತದ ಜರಡಿಯಲ್ಲಿ ಹಾಯಿಸಲಾಗುತ್ತದೆ. ಜರಡಿಯು ಪ್ರತಿ ಅಂಕದ ಅಕ್ಕಪಕ್ಕದಲ್ಲಿ ಋಣ ಬೆಲೆಗಳನ್ನು ಸೇರಿಸುತ್ತದೆ. ಮುಂದೆ ಎಲ್ಲ ದಿಕ್ಕುಗಳ ಗೆರೆಗಳನ್ನು ಹಂಚಿದಾಗ ಈ ಋಣ ಬೆಲೆಗಳು ಬಾಲಗಳನ್ನು ಅಳಿಸಿಹಾಕುತ್ತವೆ. ಚುಕ್ಕೆ ಚುಕ್ಕೆಯಾಗಿಯೇ ಉಳಿಯುತ್ತದೆ. ಅದುವರೆಗೆ ಬಳಕೆಯಲ್ಲಿದ್ದ ಫೋರಿಯರ್ ಗಣನೆಗೆ ಹೋಲಿಸಿದರೆ ಆ ಕಾಲದ ಚಿಕ್ಕ ಗಣಕಯಂತ್ರಗಳಿಗೆ ಇದು ಬಹಳ ಹಗುರವಾದ ಕೆಲಸ. ಜಗತ್ತಿನ ಪಠ್ಯಪುಸ್ತಕಗಳು ಈ ಜರಡಿಯನ್ನು ಇಂದಿಗೂ ‘ರಾಮ್-ಲಾಕ್ ಫಿಲ್ಟರ್’ ಎಂದೇ ಕರೆಯುತ್ತವೆ. ಆ ಹೆಸರಿನ ಹಿಂದೆ ಯಾರಿದ್ದಾರೆಂಬುದನ್ನು ಪಾಠದಲ್ಲಿ ಹೇಳುವವರು ಮಾತ್ರ ವಿರಳ.

ತಂತ್ರಜ್ಞರು ದಿನವೂ ಆರಿಸುವ ‘ಮೃದು ಅಂಗಾಂಶ’, ‘ಮೂಳೆ’, ‘ಶ್ವಾಸಕೋಶ’ ಎಂಬ ಕರ್ನೆಲ್‌ಗಳು ಇಂಥ ಜರಡಿಗಳ ನಾನಾ ರೂಪಗಳೇ. ಅಂಚನ್ನು ಚೂಪುಗೊಳಿಸುವ ಜರಡಿ ಮೂಳೆಯ ಸೀಳನ್ನು ತೋರಿಸುತ್ತದೆ, ಜೊತೆಗೆ ಮರಳು ಎರಚಿದಂಥ ಕಲೆಯನ್ನೂ ಎಬ್ಬಿಸುತ್ತದೆ. ನಯಗೊಳಿಸುವ ಜರಡಿ ಆ ಕಲೆಯನ್ನು ತಗ್ಗಿಸುತ್ತದೆ, ಅಂಚನ್ನು ಮಂಕಾಗಿಸುತ್ತದೆ. ಇತ್ತೀಚಿನ ಯಂತ್ರಗಳಲ್ಲಿ ಊಹೆ ಮತ್ತು ತಿದ್ದುಪಡಿಗಳನ್ನು ಪುನಃ ಪುನಃ ಮಾಡುತ್ತ ಚಿತ್ರವನ್ನು ಕಟ್ಟುವ ವಿಧಾನಗಳು ಬಂದಿವೆ. ಕಡಿಮೆ ವಿಕಿರಣದಲ್ಲಿ ಒಳ್ಳೆಯ ಚಿತ್ರ ಪಡೆಯಲು ಅವು ನೆರವಾಗುತ್ತವೆ.

ಹೌನ್ಸ್‌ಫೀಲ್ಡ್ ಸಂಖ್ಯೆ ಮತ್ತು ವಿಂಡೋ

ಗಣನೆಯಿಂದ ದೊರೆತ ಕ್ಷೀಣನದ ಬೆಲೆಯನ್ನು ನೀರಿಗೆ ಹೋಲಿಸಿ ಹೇಳುವುದು ರೂಢಿ. ಅಂಗಾಂಶದ ಬೆಲೆಯಿಂದ ನೀರಿನ ಬೆಲೆಯನ್ನು ಕಳೆದು, ಬಂದದ್ದನ್ನು ನೀರಿನ ಬೆಲೆಯಿಂದ ಭಾಗಿಸಿ, 1,000ದಿಂದ ಗುಣಿಸಬೇಕು. ನೀರಿನ ಬೆಲೆ 0.190, ಒಂದು ಅಂಗಾಂಶದ ಬೆಲೆ 0.1995 ಎಂದಾದರೆ ಉತ್ತರ +50. ಕೊಬ್ಬಿನ ಬೆಲೆ 0.171 ಆದರೆ −100. ನೀರಿಗೆ 0, ಗಾಳಿಗೆ −1,000. ಶ್ವಾಸಕೋಶವು −700ರ ಆಸುಪಾಸಿನಲ್ಲಿ, ಗಟ್ಟಿ ಮೂಳೆಯು +1,000ದ ಸುತ್ತಮುತ್ತ ಇರುತ್ತದೆ. ಮಿದುಳಿನ ಬೂದು ಭಾಗ ಮತ್ತು ಬಿಳಿ ಭಾಗಗಳ ನಡುವಿನ ಅಂತರ ಹತ್ತು ಅಂಕಗಳಷ್ಟು, ಅಂದರೆ ನೀರಿನ ಕ್ಷೀಣನದ ನೂರಕ್ಕೆ ಒಂದರಷ್ಟು. ಈಗಷ್ಟೇ ಸೋರಿ ಹೆಪ್ಪುಗಟ್ಟಿದ ರಕ್ತ 60ರಿಂದ 80.

ಸಂಖ್ಯೆಗಳ ವ್ಯಾಪ್ತಿ 4,096 ಮೆಟ್ಟಿಲುಗಳಷ್ಟು ವಿಶಾಲವಾಗಿದೆ. ಮನುಷ್ಯನ ಕಣ್ಣು ಕಪ್ಪಿನಿಂದ ಬಿಳುಪಿನವರೆಗೆ ಒಮ್ಮೆಗೆ ಗುರುತಿಸಬಲ್ಲ ಛಾಯೆಗಳು ಕೆಲವು ಹತ್ತುಗಳು ಮಾತ್ರ. ಆದ್ದರಿಂದ ಬೇಕಾದ ಪಟ್ಟಿಯನ್ನಷ್ಟೇ ತೆರೆದು ತೋರಿಸುವ ಕ್ರಮವಿದೆ. ಅದನ್ನು ವಿಂಡೋ ಎನ್ನುತ್ತಾರೆ. ಪಟ್ಟಿಯ ಅಗಲವೂ ಅದರ ನಡುಬಿಂದುವೂ ತಂತ್ರಜ್ಞರ ಕೈಯಲ್ಲಿರುತ್ತವೆ. ಮಿದುಳಿಗೆ ಅಗಲ 80, ನಡುಬಿಂದು 40 ಇಟ್ಟರೆ 0ಯಿಂದ 80ರವರೆಗಿನ ಸಂಖ್ಯೆಗಳು ಕಪ್ಪಿನಿಂದ ಬಿಳುಪಿಗೆ ಹರಡಿಕೊಳ್ಳುತ್ತವೆ.

ಇದರ ಮಹತ್ವವನ್ನು ತಿಳಿಯಲು ಸಯನ್‌ನ ಲೋಕಮಾನ್ಯ ತಿಲಕ್ ಮಹಾನಗರಪಾಲಿಕೆ ಆಸ್ಪತ್ರೆಯಂಥ ಅಪಘಾತ ಚಿಕಿತ್ಸಾ ಕೇಂದ್ರವನ್ನು ನೆನೆಯಬೇಕು. ಲೋಕಲ್ ರೈಲಿನಿಂದ ಬಿದ್ದವರು, ರಸ್ತೆ ಅಪಘಾತದಲ್ಲಿ ಸಿಲುಕಿದವರು ಅಲ್ಲಿಗೆ ಬರುತ್ತಾರೆ. ಅಂಥ ಒಬ್ಬರ ಮಿದುಳಿನಲ್ಲಿ 70 ಅಂಕದ ರಕ್ತವೂ ಅದರ ಪಕ್ಕದಲ್ಲಿ 30 ಅಂಕದ ಮಿದುಳೂ ಇವೆ ಎಂದು ಇಟ್ಟುಕೊಳ್ಳೋಣ. ಅಗಲ 80ರ ವಿಂಡೋದಲ್ಲಿ ಈ 40 ಅಂಕಗಳ ಅಂತರವು ಅರ್ಧ ಪಟ್ಟಿಯಷ್ಟಾಗುತ್ತದೆ. ರಕ್ತ ಬೆಳ್ಳಗೆ ಎದ್ದು ಕಾಣುತ್ತದೆ. ಅದೇ ಚಿತ್ರವನ್ನು ಮೂಳೆಯ ಸೀಳು ನೋಡಲು ಅಗಲ 2,000ಕ್ಕೆ ಬದಲಿಸಿದರೆ ಅಂತರವು ನೂರಕ್ಕೆ ಎರಡು ಪಾಲು ಮಾತ್ರ, ರಕ್ತ ಕಣ್ಮರೆಯಾಗುತ್ತದೆ. ಸಂಖ್ಯೆಗಳು ಬದಲಾಗಿಲ್ಲ, ರಕ್ತವೂ ಅಲ್ಲಿಯೇ ಇದೆ. ಮತ್ತೊಂದು ಸೂಕ್ಷ್ಮವಿದೆ. ತಲೆಬುರುಡೆಗೆ ಅಂಟಿಕೊಂಡ ತೆಳು ರಕ್ತಪದರವು ಅಗಲ 80ರ ವಿಂಡೋದಲ್ಲಿ ಮೂಳೆಯ ಬಿಳುಪಿನೊಂದಿಗೆ ಬೆರೆತುಹೋಗಬಹುದು. ಅಗಲವನ್ನು 200ರ ಸುಮಾರಿಗೆ ಹಿಗ್ಗಿಸಿದರೆ ಎರಡೂ ಬೇರೆ ಬೇರೆಯಾಗುತ್ತವೆ. ಪೆಟ್ಟಿನ ರೋಗಿಯ ತಲೆಯನ್ನು ಈ ಮೂರೂ ವಿಂಡೋಗಳಲ್ಲಿ ನೋಡಬೇಕೆಂಬ ನಿಯಮ ಇದರಿಂದಲೇ ಬಂದದ್ದು.

ಸಂಖ್ಯೆಗಳೇ ತಪ್ಪಾಗಿದ್ದರೆ ವಿಂಡೋ ಏನೂ ಮಾಡಲಾರದು. ಅದಕ್ಕಾಗಿ ಬೆಳಗ್ಗೆ ಯಂತ್ರವನ್ನು ಬೆಚ್ಚಗಾಗಿಸಿ, ಗಾಳಿಯ ಮೇಲೆ ಹೊಂದಿಸಿ, ನೀರು ತುಂಬಿದ ಫ್ಯಾಂಟಮ್ ಎಂಬ ಉರುಳೆಯನ್ನು ಸ್ಕ್ಯಾನ್ ಮಾಡಲಾಗುತ್ತದೆ. ನೀರಿನ ಅಂಕ ಸೊನ್ನೆಯ ಆಚೀಚೆ ನಾಲ್ಕೈದು ಅಂಕಗಳನ್ನು ಮೀರಿದರೆ ರೋಗಿಯನ್ನು ಮಲಗಿಸುವ ಮುನ್ನ ಕಾರಣ ಹುಡುಕಬೇಕು.

ಯಂತ್ರದ ರಚನೆ

ಉಂಗುರದಾಕಾರದ ಗ್ಯಾಂಟ್ರಿಯ ಒಂದು ಬದಿಯಲ್ಲಿ ಕ್ಷ-ಕಿರಣದ ಟ್ಯೂಬ್, ಎದುರು ಬದಿಯಲ್ಲಿ ಡಿಟೆಕ್ಟರ್‌ಗಳ ಸಾಲು ಇರುತ್ತದೆ. ಎರಡೂ ಒಟ್ಟಿಗೆ ರೋಗಿಯ ಸುತ್ತ ತಿರುಗುತ್ತವೆ. ಮೊದಲಿನ ಯಂತ್ರಗಳಲ್ಲಿ ವಿದ್ಯುತ್ ತಂತಿ ಸುತ್ತಿಕೊಳ್ಳುತ್ತಿದ್ದುದರಿಂದ ಒಂದು ಸುತ್ತಾದ ಮೇಲೆ ಹಿಂದಕ್ಕೆ ತಿರುಗಿಸಬೇಕಾಗುತ್ತಿತ್ತು. ಸ್ಲಿಪ್ ರಿಂಗ್ ಬಂದ ಮೇಲೆ ತಡೆಯಿಲ್ಲದ ಸುತ್ತಾಟ ಸಾಧ್ಯವಾಯಿತು. 1989ರಿಂದ ಸುರುಳಿ ಸ್ಕ್ಯಾನ್ ಬಳಕೆಗೆ ಬಂದಿತು. ಟ್ಯೂಬ್ ಸುತ್ತುತ್ತಿರುವಂತೆಯೇ ಮಂಚವೂ ಜಾರುತ್ತದೆ. 1998ರಲ್ಲಿ ಒಂದೇ ಸುತ್ತಿನಲ್ಲಿ ನಾಲ್ಕು ಹೋಳುಗಳನ್ನು ತೆಗೆಯುವ ಯಂತ್ರಗಳು ಬಂದವು, ಅನಂತರ ಹದಿನಾರು, ಅರವತ್ತನಾಲ್ಕು ಹಾಗೂ ಅದಕ್ಕೂ ಹೆಚ್ಚು.

ಸುರುಳಿ ಸ್ಕ್ಯಾನಿನಲ್ಲಿ ಪಿಚ್ ಎಂಬ ಅಳತೆಯನ್ನು ತಿಳಿದಿರಬೇಕು. ಒಂದು ಸುತ್ತಿನಲ್ಲಿ ಮಂಚ ಜಾರಿದ ದೂರವನ್ನು ಕಿರಣಪಟ್ಟಿಯ ಅಗಲದಿಂದ ಭಾಗಿಸಿದರೆ ಪಿಚ್ ದೊರೆಯುತ್ತದೆ. ಪಟ್ಟಿ 40 ಮಿಲಿಮೀಟರ್, ಮಂಚದ ಜಾರಾಟ 60 ಮಿಲಿಮೀಟರ್ ಇದ್ದರೆ ಪಿಚ್ 1.5. ಪಿಚ್ ಒಂದಕ್ಕಿಂತ ಕಡಿಮೆಯಾದರೆ ಸುರುಳಿಗಳು ಒಂದರ ಮೇಲೊಂದು ಬೀಳುತ್ತವೆ. ಅದೇ ಜಾಗಕ್ಕೆ ಎರಡನೆಯ ಬಾರಿ ವಿಕಿರಣ ತಾಗುತ್ತದೆ.

ವಿಕಿರಣದ ಪ್ರಮಾಣವೆಂಬ ಬೆಲೆ

ಮುಂಬಯಿಯಲ್ಲಿ ಜೂನ್ ತಿಂಗಳ ಮೊದಲ ಹನಿಗಳು ಕಾಲುದಾರಿಯ ಕಲ್ಲುಗಳ ಮೇಲೆ ಬೀಳುವುದನ್ನು ಗಮನಿಸಿದರೆ, ಒಂದು ಕಲ್ಲಿಗೆ ಐದು ಹನಿ, ಪಕ್ಕದ ಕಲ್ಲಿಗೆ ಹನ್ನೆರಡು ಹನಿ ಬಿದ್ದಿರುವುದು ಕಾಣುತ್ತದೆ. ಮಳೆ ಜೋರಾದ ಮೇಲೆ ಎಲ್ಲ ಕಲ್ಲುಗಳೂ ಸಮನಾಗಿ ಒದ್ದೆಯಾಗುತ್ತವೆ. ಕ್ಷ-ಕಿರಣದ ಕಣಗಳೂ ಹನಿಗಳಂತೆ ಯಾದೃಚ್ಛಿಕವಾಗಿ ಬೀಳುತ್ತವೆ. ಒಂದು ಡಿಟೆಕ್ಟರಿಗೆ ಸರಾಸರಿ 100 ಕಣ ಬಿದ್ದರೆ ಏರಿಳಿತವು ಸುಮಾರು 10, ಅಂದರೆ ನೂರಕ್ಕೆ ಹತ್ತು. 400 ಕಣ ಬಿದ್ದರೆ ಏರಿಳಿತ 20, ನೂರಕ್ಕೆ ಐದು. 10,000 ಬಿದ್ದರೆ ನೂರಕ್ಕೆ ಒಂದು. ಈ ಏರಿಳಿತವೇ ಚಿತ್ರದಲ್ಲಿ ಮರಳು ಎರಚಿದಂತೆ ಕಾಣುವ ನಾಯ್ಸ್. ಅದನ್ನು ಅರ್ಧಕ್ಕೆ ಇಳಿಸಬೇಕಾದರೆ ವಿಕಿರಣವನ್ನು ನಾಲ್ಕು ಪಟ್ಟು ಹೆಚ್ಚಿಸಬೇಕು. ಸಿ.ಟಿ. ತಂತ್ರದಲ್ಲಿ ಇದಕ್ಕಿಂತ ಮುಖ್ಯವಾದ ಲೆಕ್ಕ ಮತ್ತೊಂದಿಲ್ಲವೆನ್ನಬಹುದು. ಚೆಂದದ ಚಿತ್ರಕ್ಕೆ ಎಲ್ಲರೂ ಮೆಚ್ಚುಗೆ ಸೂಚಿಸುತ್ತಾರೆ. ಅದಕ್ಕೆ ತೆತ್ತ ವಿಕಿರಣವು ಚಿತ್ರದಲ್ಲಿ ಕಾಣುವುದಿಲ್ಲ. ನಾಯ್ಸ್ ಸ್ವಲ್ಪ ಇದ್ದರೂ ಉತ್ತರ ದೊರೆಯುವ ಚಿತ್ರವೇ ವೃತ್ತಿಯ ದೃಷ್ಟಿಯಿಂದ ಉತ್ತಮ ಚಿತ್ರ.

ಯಾವ ಪ್ರಶ್ನೆಗೆ ಉತ್ತರ ಬೇಕು ಎಂಬುದರ ಮೇಲೆ ಪ್ರಮಾಣ ನಿರ್ಧಾರವಾಗಬೇಕು. ಪಾರ್ಶ್ವವಾಯುವಿನ ಆರಂಭದಲ್ಲಿ ಮಿದುಳಿನ ಬೂದು-ಬಿಳಿ ಭಾಗಗಳ ಸಣ್ಣ ಅಂತರ ಅಳಿಸಿಹೋಗಿದೆಯೇ ಎಂದು ನೋಡಬೇಕಾದರೆ ನಾಯ್ಸ್ ಬಹಳ ಕಡಿಮೆ ಇರಲೇಬೇಕು. ಮೂತ್ರಪಿಂಡದ ಕಲ್ಲನ್ನು ಹುಡುಕಲು ಅಷ್ಟು ಬೇಕಿಲ್ಲ; ಕಲ್ಲು ತಾನಾಗಿಯೇ ಹೊಳೆಯುತ್ತದೆ.

ಯಂತ್ರದ ಪರದೆಯ ಮೇಲೆ ಎರಡು ಅಂಕಗಳು ತೋರುತ್ತವೆ. ಸಿ.ಟಿ.ಡಿ.ಐ. ಎಂಬುದು ಹೋಳಿನಲ್ಲಿನ ಪ್ರಮಾಣವನ್ನು ಮಿಲಿಗ್ರೇ ಮಾನದಲ್ಲಿ ಸೂಚಿಸುತ್ತದೆ. ಅದನ್ನು ಸ್ಕ್ಯಾನ್ ಮಾಡಿದ ಉದ್ದದಿಂದ ಗುಣಿಸಿದರೆ ಡಿ.ಎಲ್.ಪಿ. ದೊರೆಯುತ್ತದೆ. ತಲೆಗೆ 50 ಮಿಲಿಗ್ರೇ, ಉದ್ದ 15 ಸೆಂಟಿಮೀಟರ್ ಆದರೆ ಡಿ.ಎಲ್.ಪಿ. 750. ವಯಸ್ಕರ ತಲೆಗೆ ಇದು ಸುಮಾರು ಒಂದೂವರೆ ಮಿಲಿಸೀವರ್ಟ್‌ಗೆ ಸಮ. ಎದೆಯ ಒಂದು ಸಾಮಾನ್ಯ ಎಕ್ಸ್-ರೇ 0.02 ಮಿಲಿಸೀವರ್ಟ್, ಹೊಟ್ಟೆಯ ಸಿ.ಟಿ. 8ರಿಂದ 10. ನಿಸರ್ಗದಿಂದಲೇ ಮನುಷ್ಯನಿಗೆ ವರ್ಷಕ್ಕೆ ತಗಲುವ ವಿಕಿರಣದ ಜಾಗತಿಕ ಸರಾಸರಿ 2.4. ಈ ಅಂಕಗಳನ್ನು ಕಂಡು ರೋಗಿಗಳು ಹೆದರಿ ಅಗತ್ಯವಾದ ಪರೀಕ್ಷೆಯನ್ನು ತಪ್ಪಿಸಿಕೊಳ್ಳಬಾರದು. ಒಂದು ತಪಾಸಣೆಯಿಂದ ಒಬ್ಬ ವ್ಯಕ್ತಿಗೆ ಒದಗುವ ಅಪಾಯ ಬಹಳ ಅಲ್ಪ, ಪತ್ತೆಯಾಗದ ರಕ್ತಸ್ರಾವದ ಅಪಾಯ ಬಹಳ ದೊಡ್ಡದು.

ಮಕ್ಕಳ ವಿಷಯ ಬೇರೆ. ಅವರ ಕೋಶಗಳು ಬೆಳವಣಿಗೆಯಲ್ಲಿರುತ್ತವೆ, ಮುಂದೆ ಬದುಕಬೇಕಾದ ವರ್ಷಗಳೂ ಹೆಚ್ಚು. ಬ್ರಿಟನ್ನಿನಲ್ಲಿ ಎಳೆಯ ವಯಸ್ಸಿನಲ್ಲಿ ಸಿ.ಟಿ. ಮಾಡಿಸಿಕೊಂಡ ಸುಮಾರು 1,78,000 ಮಂದಿಯ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಒಟ್ಟು 50 ಮಿಲಿಗ್ರೇಯಷ್ಟು ಪ್ರಮಾಣವು ರಕ್ತದ ಕ್ಯಾನ್ಸರಿನ ಸಂಭವವನ್ನು ಮೂರು ಪಟ್ಟಿನ ಹತ್ತಿರಕ್ಕೆ ಒಯ್ಯಬಹುದೆಂದು ಅದು ತೋರಿಸಿತು. ಮೂಲ ಸಂಭವವೇ ಅತ್ಯಲ್ಪವಾದ್ದರಿಂದ ನೈಜ ಸಂಖ್ಯೆ ಚಿಕ್ಕದು. ಆದರೂ ವಯಸ್ಕರಿಗಾಗಿ ಸಿದ್ಧಪಡಿಸಿದ ಕ್ರಮವನ್ನು ಬದಲಿಸದೆ ಐದು ವರ್ಷದ ಮಗುವಿಗೆ ಒತ್ತುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಕಿಲೋವೋಲ್ಟ್ ಇಳಿಸಬೇಕು, ಕರೆಂಟ್ ಇಳಿಸಬೇಕು, ಕೇಳಿದ ಭಾಗವನ್ನಷ್ಟೇ ತೆಗೆಯಬೇಕು. ಅಲ್ಟ್ರಾಸೌಂಡಿನಿಂದ ಉತ್ತರ ದೊರೆಯುವುದಾದರೆ ಸಿ.ಟಿ.ಯನ್ನೇ ಮಾಡದಿರುವ ಬಗ್ಗೆ ವಿಕಿರಣತಜ್ಞರನ್ನು ಕೇಳಬೇಕು.

ಇನ್ನೊಂದು ಅಂಶವು ಸಾಮಾನ್ಯವಾಗಿ ಅಲಕ್ಷ್ಯಕ್ಕೆ ಒಳಗಾಗುತ್ತದೆ. ರೋಗಿಯನ್ನು ಗ್ಯಾಂಟ್ರಿಯ ನಡುಮಧ್ಯಕ್ಕೆ ಸರಿಯಾಗಿ ಹೊಂದಿಸದಿದ್ದರೆ ಕಿರಣವನ್ನು ಹದಗೊಳಿಸುವ ಬೋ-ಟೈ ಫಿಲ್ಟರ್ ದೇಹದ ಆಕಾರಕ್ಕೆ ಹೊಂದುವುದಿಲ್ಲ. ಒಂದು ಕಡೆ ಪ್ರಮಾಣ ಹೆಚ್ಚುತ್ತದೆ, ಇನ್ನೊಂದು ಕಡೆ ನಾಯ್ಸ್ ಹೆಚ್ಚುತ್ತದೆ. ಮಂಚದ ಎತ್ತರವನ್ನು ಸರಿಪಡಿಸಲು ಅರ್ಧ ನಿಮಿಷ ಸಾಕು.

ಮುಂಬಯಿಯ ಅಣುಶಕ್ತಿನಗರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು 1983ರ ನವೆಂಬರ್ 15ರಂದು ರಚನೆಯಾಯಿತು. ದೇಶದ ಯಾವುದೇ ಊರಿನಲ್ಲಿ ಸಿ.ಟಿ. ಯಂತ್ರವನ್ನು ನಡೆಸಲು ಅದರ ಅನುಮತಿ ಅಗತ್ಯ. ವಿಕಿರಣ ಕಾರ್ಮಿಕರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಎಂಬ ಮಿತಿ ಇದೆ. ಎದೆಯ ಮೇಲೆ ಧರಿಸುವ ಟಿ.ಎಲ್.ಡಿ. ಬಿಲ್ಲೆಯು ಈ ಪ್ರಮಾಣವನ್ನು ದಾಖಲಿಸುತ್ತದೆ. ಸೀಸದ ಮೇಲಂಗಿ ತೊಟ್ಟಾಗ ಬಿಲ್ಲೆ ಅದರ ಒಳಗಿರಬೇಕು. ಬಿಲ್ಲೆಯನ್ನು ಕೋಣೆಯಲ್ಲಿಯೇ ಮೊಳೆಗೆ ತೂಗುಹಾಕಿ ಮನೆಗೆ ಹೋದರೆ ದಾಖಲಾಗುವುದು ಗೋಡೆಯ ಪ್ರಮಾಣ. ರೋಗಿಗೆ ಮಾತ್ರ ಇಂಥ ಮಿತಿಯನ್ನು ಯಾವ ನಿಯಮವೂ ವಿಧಿಸಿಲ್ಲ, ಏಕೆಂದರೆ ಪ್ರಯೋಜನವು ಅವರಿಗೇ ಸೇರಿದ್ದು. ಆ ಜಾಗದಲ್ಲಿ ಉಳಿದಿರುವುದು ವೈದ್ಯರ ಮತ್ತು ತಂತ್ರಜ್ಞರ ವಿವೇಚನೆ.

ಇಲ್ಲದ್ದನ್ನು ತೋರಿಸುವ ಚಿತ್ರಗಳು

ಲೆಕ್ಕದ ಊಹೆ ತಪ್ಪಿದಲ್ಲಿ ಚಿತ್ರವೂ ತಪ್ಪುತ್ತದೆ. ಅಳತೆಯ ನಡುವೆ ರೋಗಿ ಅಲುಗಾಡಿದರೆ ಒಂದು ದಿಕ್ಕಿನ ಮೊತ್ತಗಳು ಇನ್ನೊಂದು ದಿಕ್ಕಿನ ಮೊತ್ತಗಳೊಡನೆ ತಾಳೆಯಾಗವು. ಗೆರೆಗಳೂ ಜೋಡಿ ಅಂಚುಗಳೂ ಮೂಡುತ್ತವೆ. ಒಂದು ಡಿಟೆಕ್ಟರ್ ಕೆಟ್ಟಿದ್ದರೆ ಚಿತ್ರದಲ್ಲಿ ಉಂಗುರ ಕಾಣುತ್ತದೆ. ಹಲ್ಲಿಗೆ ತುಂಬಿಸಿದ ಲೋಹ, ಸೊಂಟದ ಕೃತಕ ಕೀಲು ನಕ್ಷತ್ರದಂತೆ ಗೆರೆಗಳನ್ನು ಚೆಲ್ಲುತ್ತವೆ. ಕಿವಿಯ ಸುತ್ತಲಿನ ದಟ್ಟ ಮೂಳೆಗಳ ನಡುವೆ ಕಪ್ಪು ಪಟ್ಟಿಯೊಂದು ಬರುತ್ತದೆ. ಕಿರಣದ ದುರ್ಬಲ ಕಣಗಳನ್ನು ಮೂಳೆ ಮೊದಲೇ ಹೀರಿಬಿಡುವುದರಿಂದ ಉಳಿದ ಕಿರಣ ಗಡಸಾಗಿ, ಅದೇ ಅಂಗಾಂಶ ಕಡಿಮೆ ಕ್ಷೀಣನದ್ದೆಂದು ತೋರುತ್ತದೆ. ಮಿದುಳಿನ ಕೆಳಭಾಗದ ಈ ಪಟ್ಟಿಯನ್ನು ಅರಿಯದವರು ಅದನ್ನು ರೋಗವೆಂದು ತಿಳಿಯುವ ಸಂಭವವಿದೆ.

ಮಂಚದ ಮೇಲಿನ ರೋಗಿ

ಎದೆ ಮತ್ತು ಹೊಟ್ಟೆಯ ಸ್ಕ್ಯಾನಿನಲ್ಲಿ ಕೆಲವು ಸೆಕೆಂಡುಗಳ ಕಾಲ ಉಸಿರು ಹಿಡಿಯಬೇಕು. ಯಂತ್ರವೇ ಮುದ್ರಿತ ಧ್ವನಿಯಲ್ಲಿ ಸೂಚನೆ ನೀಡುತ್ತದೆ, ಸಾಮಾನ್ಯವಾಗಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಕಲಬುರಗಿಯ ಹಳ್ಳಿಯಿಂದ ಬಂದ ವೃದ್ಧೆಯೊಬ್ಬರಿಗೆ ಗ್ಯಾಂಟ್ರಿಯೊಳಗಿಂದ ಕೇಳುವ ಆ ಧ್ವನಿ ಯಾರದು, ಏನು ಹೇಳುತ್ತಿದೆ ಎಂಬುದೇ ತಿಳಿಯದೆ ಹೋಗಬಹುದು. ಅವರು ಉಸಿರಾಡುತ್ತಲೇ ಇದ್ದರೆ ಯಕೃತ್ತಿನ ಅಂಚು ಜೋಡಿಯಾಗಿ ಬೀಳುತ್ತದೆ, ಸ್ಕ್ಯಾನನ್ನು ಮತ್ತೆ ಮಾಡಬೇಕಾಗುತ್ತದೆ, ವಿಕಿರಣ ಎರಡು ಪಟ್ಟಾಗುತ್ತದೆ. ಕನ್ನಡ ಬಲ್ಲ ತಂತ್ರಜ್ಞರು ಮಂಚದ ಪಕ್ಕದಲ್ಲಿ ನಿಂತು, “ಯವ್ವಾ, ಉಸಿರು ಒಳಗ ಜಗ್ಗಿ ಹಿಡೀರಿ, ನಾ ಬಿಡ್ರಿ ಅನ್ನೋತನಕ ಬಿಡಬ್ಯಾಡ್ರಿ” ಎಂದು ಎರಡು ಬಾರಿ ಅಭ್ಯಾಸ ಮಾಡಿಸಿದರೆ ಆ ಎರಡನೆಯ ಸ್ಕ್ಯಾನ್ ತಪ್ಪುತ್ತದೆ. ವಿಕಿರಣವನ್ನು ಅರ್ಧಕ್ಕೆ ಇಳಿಸಲು ಇದಕ್ಕಿಂತ ಅಗ್ಗದ ಉಪಾಯ ಯಾವ ತಯಾರಕರ ಬಳಿಯೂ ಇಲ್ಲ.

ಗರ್ಭಧಾರಣೆಯ ವಯಸ್ಸಿನ ಮಹಿಳೆಯರನ್ನು ಮುಟ್ಟಿನ ದಿನಾಂಕದ ಬಗ್ಗೆ ಏಕಾಂತದಲ್ಲಿ, ಸಂಕೋಚವಾಗದಂತೆ ಕೇಳಬೇಕು. ಜೊತೆಗೆ ಬಂದ ನೆಂಟರ ಎದುರು ಕೇಳಿದರೆ ನಿಜವಾದ ಉತ್ತರ ಬಾರದೆ ಇರಬಹುದು.

ರಕ್ತನಾಳ, ಗಡ್ಡೆ ಮೊದಲಾದವನ್ನು ಬೇರ್ಪಡಿಸಿ ನೋಡಲು ಅಯೋಡಿನ್ ಬೆರೆತ ಕಾಂಟ್ರಾಸ್ಟ್ ಔಷಧವನ್ನು ಅಭಿಧಮನಿಗೆ ಕೊಡಲಾಗುತ್ತದೆ. ಅಯೋಡಿನ್ ಕ್ಷ-ಕಿರಣವನ್ನು ಚೆನ್ನಾಗಿ ಹೀರುತ್ತದೆ, ಔಷಧ ತಲುಪಿದ ಅಂಗಾಂಶದ ಅಂಕ ಏರುತ್ತದೆ. ಕೊಟ್ಟ ಸುಮಾರು 30 ಸೆಕೆಂಡಿಗೆ ಅಪಧಮನಿಗಳು, 70 ಸೆಕೆಂಡಿನ ಸುಮಾರಿಗೆ ಯಕೃತ್ತು ಚೆನ್ನಾಗಿ ತುಂಬಿಕೊಳ್ಳುತ್ತವೆ. ಔಷಧ ಕೊಡುವ ಮುನ್ನ ಹಿಂದೆ ಇಂಥ ಚುಚ್ಚುಮದ್ದಿನಿಂದ ತುರಿಕೆ, ಉಬ್ಬಸ ಆಗಿತ್ತೇ, ಆಸ್ತಮಾ ಇದೆಯೇ ಎಂದು ಕೇಳಿ ಬರೆದುಕೊಳ್ಳಬೇಕು. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ವರದಿಯನ್ನು ನೋಡಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರ ಮೂತ್ರಪಿಂಡ ದುರ್ಬಲವಾಗಿದ್ದರೆ ಮಾತ್ರೆಯನ್ನು ಯಾವಾಗ ನಿಲ್ಲಿಸಿ ಯಾವಾಗ ಮತ್ತೆ ಶುರುಮಾಡಬೇಕೆಂಬುದನ್ನು ವೈದ್ಯರೇ ಹೇಳಬೇಕು. ಮಾತ್ರೆಯ ಹೆಸರು ಗೊತ್ತಿಲ್ಲದ ರೋಗಿಗಳೇ ಹೆಚ್ಚು. ಚೀಲದಲ್ಲಿರುವ ಖಾಲಿ ಪಟ್ಟಿಯನ್ನು ತೋರಿಸುವಂತೆ ಕೇಳಿದರೆ ಕೆಲಸ ಸುಲಭವಾಗುತ್ತದೆ.

ಔಷಧ ಹರಿಯುವಾಗ ಮೈಯೆಲ್ಲ ಬಿಸಿಯಾದಂತೆ, ಮೂತ್ರ ಹೋದಂತೆ ಅನಿಸುವುದು ಸಹಜ. ಇದನ್ನು ಮೊದಲೇ ತಿಳಿಸಿದ್ದರೆ ರೋಗಿ ಗಾಬರಿಗೊಂಡು ಎದ್ದೇಳುವುದಿಲ್ಲ. ಸೂಜಿಯ ಜಾಗದಲ್ಲಿ ಉರಿ, ಊತ ಕಂಡರೆ ತಕ್ಷಣ ನಿಲ್ಲಿಸಬೇಕು. ಮುಖ ಊದಿಕೊಂಡು ಉಸಿರು ಕಟ್ಟುವಂಥ ತೀವ್ರ ಪ್ರತಿಕ್ರಿಯೆ ಅಪರೂಪ, ಬಂದಾಗ ಮಾತ್ರ ನಿಮಿಷಗಳೂ ಅಮೂಲ್ಯ. ಅಡ್ರಿನಲಿನ್ ಮತ್ತು ಆಮ್ಲಜನಕ ಕೋಣೆಯಲ್ಲಿಯೇ ಇರಬೇಕು, ಅಲ್ಮಾರಿಯ ಬೀಗದ ಕೈ ಎಲ್ಲಿದೆಯೆಂದು ಹುಡುಕುವಂತಾಗಬಾರದು. ಸ್ಕ್ಯಾನ್ ಮುಗಿದೊಡನೆ ಮುಂದಿನ ಹೆಸರನ್ನು ಕೂಗುವ ಅವಸರ ಎಲ್ಲ ಕಡೆಯೂ ಇರುತ್ತದೆ. ಆದರೂ ಕಾಂಟ್ರಾಸ್ಟ್ ಪಡೆದ ರೋಗಿಯನ್ನು ಅರ್ಧ ಗಂಟೆಯಾದರೂ ಕಣ್ಣಿಗೆ ಬೀಳುವ ಜಾಗದಲ್ಲಿ ಕೂರಿಸಿಕೊಂಡು, ಆಮೇಲೆ ಕೈಯ ಸೂಜಿಯನ್ನು ತೆಗೆದು, ಹೆಚ್ಚು ನೀರು ಕುಡಿಯಬಹುದೇ ಎಂಬುದನ್ನು ವೈದ್ಯರಿಂದ ತಿಳಿದು ಹೇಳಿ ಕಳುಹಿಸಬೇಕು.